ಹೊಲದ ಲೆಕ್ಕ ಬರೆಯುವ ಕೈ

ಸರ್ಕಾರಿ ಫೈಲಿಗೆ ನಾವಿಂದು ಕಡತ ಎನ್ನುತ್ತೇವೆ. ಹಳೆಯ ಕಡತ ಬಟ್ಟೆಯದು. ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಗಟ್ಟಿ ಮಾಡಿದ, ಮಡಿಕೆ ಮಡಿಕೆಯಾಗಿ ಮಡಚಿಡುವ ಕಪ್ಪು ಬಟ್ಟೆ. ಶಾನುಭೋಗರು ಅದರ ಮೇಲೆ ಬಳಪದಿಂದ ಊರಿನ ಲೆಕ್ಕ ಬರೆಯುತ್ತಿದ್ದರು. ಬೇಕಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ನಮ್ಮ ಭೂದಾಖಲೆಗಳ ಚರಿತ್ರೆಯಲ್ಲಿ ಬರೆಯುವ ಸಾಧನ ಎಷ್ಟೋ ಸಲ ಬದಲಾಗಿದೆ. ಬರೆಯುವ, ಒರೆಸುವ ಅಧಿಕಾರ ಯಾರ ಕೈಗೆ ಹೋಯಿತು ಎಂಬುದನ್ನು ಹಿಂಬಾಲಿಸಿದರೆ ಮಾತ್ರ ಆ ಬದಲಾವಣೆಗಳ ಅರ್ಥ ತಿಳಿಯುತ್ತದೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಹೊರಟ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. ಅವೆಲ್ಲ ರಾಜ್ಯದ ಅಳತೆಗಳು. ರೈತನ ಹೊಲದೊಳಕ್ಕೆ ಸರಪಳಿ ಬಂದದ್ದು ಬೇರೆ ದಾರಿಯಿಂದ. ಪುಣೆ ಜಿಲ್ಲೆಯ ಇಂದಾಪುರದಲ್ಲಿ 1835ರಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ ಕ್ರಮ ಮುಂದೆ ಧಾರವಾಡ ಸೀಮೆಗೂ, 1863ರಲ್ಲಿ ಮೈಸೂರಿಗೂ ಬಂತು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಗಡಿಗೊಂದು ಕಲ್ಲು, ಮಣ್ಣಿನ ಗುಣಕ್ಕೆ ಆಣೆಯ ಲೆಕ್ಕ. 33 ಅಡಿಯ ಸರಪಳಿಗೆ 16 ಆಣೆ, ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲವಾದರೆ ಗುಂಟೆ, 40 ಗುಂಟೆಗೆ ಎಕರೆ. ಇಂದೂ ನಾವು ಜಮೀನು ಮಾತಾಡುವುದು ಈ ಸರಪಳಿಯ ಭಾಷೆಯಲ್ಲೇ. ಆದರೆ ಆ ಅಳತೆಯ ಉದ್ದೇಶ ಕಂದಾಯ. ಹೊಲಕ್ಕೆ ತೆರಿಗೆ ಎಷ್ಟು, ಕಟ್ಟುವವರು ಯಾರು ಎಂದು ಕೇಳಿದ ದಾಖಲೆ ಅದು. ನಿಜವಾದ ಒಡೆಯ ಯಾರು ಎಂದು ಅದು ಕೇಳಲಿಲ್ಲ. ಈ ಹುಟ್ಟುಗುಣ, ಹೊಲದ ಖಾತೆ, ಸಾಗುವಳಿ, ಬೆಳೆಗಳನ್ನು ದಾಖಲಿಸುವ ಇಂದಿನ ಪಹಣಿಯನ್ನೂ ಬಿಟ್ಟಿಲ್ಲ.

ಸ್ವಾತಂತ್ರ್ಯದ ನಂತರ ಲೇಖನಿ ಕೈ ಬದಲಾಯಿಸಿತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದುಪಡಿಸುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಸಂಬಳದ ಗ್ರಾಮ ಲೆಕ್ಕಿಗರು ಊರಿಗೆ ಬಂದರು. 1964ರ ಭೂಕಂದಾಯ ಕಾಯ್ದೆ, ಸುಳ್ಳೆಂದು ಸಾಬೀತಾಗುವವರೆಗೆ ಪಹಣಿಯ ನಮೂದು ನಿಜವೆಂದೇ ಭಾವಿಸಬೇಕು ಎಂದಿತು. ಹತ್ತು ವರ್ಷ ಕಳೆದು, ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದಾಗ ಆ ಮಾತಿನ ತೂಕ ಊರಿಗೇ ಗೊತ್ತಾಯಿತು. ಜಮೀನಿನ ಒಡೆತನ ಕೋರುವ ಫಾರಂ ನಂಬರ್ 7 ಹಾಕಿಕೊಂಡು ಭೂನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರನಿಗೆ, ಸಾಗುವಳಿದಾರನ ಕಾಲಮಿನಲ್ಲಿ ತನ್ನ ಹೆಸರಿದ್ದರೆ ಅದೇ ದೊಡ್ಡ ಆಸರೆ. ಆ ಸಾಲು ಬರೆಯುವ ಲೆಕ್ಕಿಗನ ಕೈಗೆ ಒಂದು ಕುಟುಂಬದ ಹಣೆಬರಹವೇ ಸಿಕ್ಕಿತ್ತು.

ಆ ಕೈಯಿಂದ ಲೇಖನಿ ಕಸಿದದ್ದು ಭೂಮಿ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ತಂತ್ರಾಂಶ. ಸುಮಾರು 9,000 ಲೆಕ್ಕಿಗರ ಬಳಿ ಚದುರಿದ್ದ, 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು 177 ತಾಲ್ಲೂಕು ಕೇಂದ್ರಗಳಲ್ಲಿ ಕಂಪ್ಯೂಟರಿಗೆ ಏರಿಸಲಾಯಿತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಹೆಸರು ಬದಲಾವಣೆಯ (ಮ್ಯುಟೇಷನ್) ಅರ್ಜಿಗಳಿಗೆ ಸರತಿ ಕಡ್ಡಾಯ, ಮೊದಲು ಬಂದದ್ದು ಮೊದಲು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ರೈತನ ಕಡೆಗೂ ಒಂದು ಪರದೆ, ಆಗ 15 ರೂಪಾಯಿಗೆ ಒಂದು ಪಹಣಿ. ಇಷ್ಟೆಲ್ಲ ಯಂತ್ರದ ಕೆಲಸ. ಆದರೆ ನನ್ನ ಪ್ರಕಾರ ಭೂಮಿ ಯೋಜನೆಯನ್ನು ಗೆಲ್ಲಿಸಿದ್ದು ಕಾನೂನಿನ ಒಂದು ದಿಟ್ಟ ನಡೆ: ಒಂದೊಂದೇ ತಾಲ್ಲೂಕಿನಲ್ಲಿ, 2002ರ ಹೊತ್ತಿಗೆ ಇಡೀ ರಾಜ್ಯದಲ್ಲಿ, ಕೈಬರಹದ ಪಹಣಿ ಊರ್ಜಿತವಲ್ಲ ಎಂದು ಸಾರಿದ್ದು. ಹಳೆಯದು ಜೊತೆಯಲ್ಲೇ ಉಳಿದಿದ್ದರೆ ಹೊಸದು ಪ್ರದರ್ಶನದ ವಸ್ತುವಾಗಿ ಧೂಳು ತಿನ್ನುತ್ತಿತ್ತು.

ಬೆಳೆಸಾಲಕ್ಕೆಂದು ಪಹಣಿಗಾಗಿ ಲೆಕ್ಕಿಗನನ್ನು ಹುಡುಕಿ ಅಲೆಯುವ ಕಷ್ಟ ತಪ್ಪಿತು. ಬ್ಯಾಂಕಿಗೆ ದಾಖಲೆಯ ಮೇಲೆ ಭರವಸೆ ಬಂತು. ಜಮೀನು ಕೊಳ್ಳುವ ದೊಡ್ಡ ವ್ಯವಹಾರಸ್ಥರಿಗೂ ಅಷ್ಟೇ ಸಲೀಸಾಯಿತು. ಬೆಂಗಳೂರಿನ ಅಂಚಿನ ಹಳ್ಳಿಗಳನ್ನು ಅಧ್ಯಯನ ಮಾಡಿದ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಈ ಮಾತು ಎತ್ತಿದ್ದರು: ಊರಲ್ಲಿದ್ದ ಅಧಿಕಾರ ತಾಲ್ಲೂಕಿಗೆ ಏರಿದಾಗ ಸಣ್ಣ ರೈತನಿಗೆ ಅದು ದೂರವಾಯಿತು, ದೊಡ್ಡ ಖರೀದಿದಾರನಿಗೆ ಹತ್ತಿರವಾಯಿತು. ಭೂಮಿ ಯೋಜನೆಯನ್ನು ಹೊಗಳುವಾಗಲೂ ನಾನು ಈ ಟೀಕೆಯನ್ನು ಬದಿಗಿಡಲಾರೆ. ಎರಡೂ ನಿಜ.

ನ್ಯಾಯಾಲಯಗಳು ಮಾತ್ರ ಹಳೆಯ ಮಾತನ್ನೇ ಹೇಳುತ್ತ ಬಂದಿವೆ. ಕಂದಾಯ ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಒಡೆತನ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಸಾವರ್ಣಿ ಪ್ರಕರಣದಲ್ಲಿ ಹೇಳಿತು. 1908ರ ನೋಂದಣಿ ಕಾಯ್ದೆಯಡಿ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನು, ಹಕ್ಕನ್ನಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ರಾಬರ್ಟ್ ಟಾರೆನ್ಸ್ ತಂದ ಕ್ರಮದಲ್ಲಿ ಸರ್ಕಾರಿ ಪುಸ್ತಕದ ಹೆಸರಿಗೆ ಸರ್ಕಾರವೇ ಖಾತರಿ. ನಮ್ಮ ಪಹಣಿ ಎಷ್ಟೇ ಚೆನ್ನಾಗಿ ಮುದ್ರಣವಾದರೂ ಆ ಖಾತರಿ ಕೊಡದು. ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಕೂಡ ಹುಟ್ಟಿದಾಗ ಸ್ಥಿರಾಸ್ತಿಯ ಮಾರಾಟ ಕರಾರನ್ನು ಹೊರಗೇ ಇಟ್ಟಿತ್ತು.

ಇನ್ನೂ ದೊಡ್ಡ ಕೊರತೆ ಅಳತೆಯಲ್ಲಿದೆ. ಕಂಪ್ಯೂಟರಿಗೆ ಹೋದದ್ದು ಅಕ್ಷರ. ಹೊಲ ಹೊರಗೇ ಉಳಿಯಿತು. ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಬದು ಹಾಕಿ ತಲೆಮಾರು ಕಳೆದರೂ ಪೋಡಿಯಾಗದ, ಅಂದರೆ ಅಳೆದು ಬೇರೆ ಬೇರೆ ಮಾಡದ, ಸರ್ವೆ ನಂಬರುಗಳಿವೆ. ಪಹಣಿಯಲ್ಲಿ ಇಷ್ಟು ಗುಂಟೆ ಎಂದಿರುತ್ತದೆ, ಯಾವ ಮೂಲೆಯ ಗುಂಟೆ ಎಂದಿರುವುದಿಲ್ಲ. ಭಾಗ ಮಾರುವ ಮುನ್ನ ಆ ಭಾಗವನ್ನು ಗುರುತಿಸುವ 11-ಇ ನಕ್ಷೆ ಬೇಕೆಂದು ಮಾಡಿದ್ದು ಈ ಗೊಂದಲ ತಡೆಯಲಿಕ್ಕೇ. ನಕ್ಷೆಗೆ ಭೂಮಾಪಕರು ಬರಬೇಕು, ಅವರಿಗಾಗಿ ಕಾಯಬೇಕು. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್‌ಗಳು ಮೊದಲು ಹಾರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಅವು ಅಳೆಯುವುದು ಊರೊಳಗಿನ ಮನೆ-ಹಿತ್ತಲುಗಳನ್ನು, ಹೊಲಗಳನ್ನಲ್ಲ.

ಅಳತೆಯಲ್ಲಷ್ಟೇ ಅಲ್ಲ, ಹೆಸರಿನಲ್ಲೂ ಕೊರತೆಯಿದೆ. ಪಹಣಿಯ ಒಂಬತ್ತನೆಯ ಕಾಲಮಿನಲ್ಲಿ ಖಾತೆದಾರ, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. 1974ರ ನಂತರ ಕೃಷಿಭೂಮಿಯ ಗೇಣಿಗೆ ಕಾನೂನಿನ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಗುತ್ತಿಗೆಗೆ, ಕೋರಿಗೆ (ಬೆಳೆಯ ಪಾಲಿಗೆ) ಹೊಲ ಮಾಡುವವರ ಹೆಸರನ್ನು ಬರೆಸಲು ಒಡೆಯರು ಹೆದರುತ್ತಾರೆ. ಹೆಸರಿಲ್ಲದೆ ಬೆಳೆಸಾಲ, ಪರಿಹಾರ ಕೇಳುವುದು ಹೇಗೆ? ಈಗ ಬೆಳೆ ಸಮೀಕ್ಷೆಯ ಆ್ಯಪ್ ಹೊಲದ ನಡುವೆ ನಿಂತು ಫೋಟೊ ತೆಗೆಯುತ್ತದೆ. ಅಕ್ಷಾಂಶ, ರೇಖಾಂಶ ಗುರುತಿಸುತ್ತದೆ. ರಾಗಿ ಎಂದು ದಾಖಲಿಸಿ, ಆ ರಾಗಿಯನ್ನು ಖಾತೆದಾರರ ಪಹಣಿಗೆ ಸೇರಿಸುತ್ತದೆ. ಬಿತ್ತಿದ ಕೈ ಆ ಹಾಳೆಯಲ್ಲಿ ಇನ್ನೂ ಇಲ್ಲ.