ಕೆಡಲ್‌ಸ್ಟನ್ ಹಾಲ್: ಇಂಗ್ಲೆಂಡಿನಲ್ಲಿ ಅರ್ಧಕ್ಕೆ ನಿಂತ ಮನೆ, ಕೋಲ್ಕತ್ತದಲ್ಲಿ ಪೂರ್ತಿಯಾದ ನಕ್ಷೆ

ಇಂಗ್ಲೆಂಡಿನ ಡರ್ಬಿ ನಗರದಿಂದ ಏಳೆಂಟು ಕಿಲೋಮೀಟರ್ ದೂರದಲ್ಲಿ ಕೆಡಲ್‌ಸ್ಟನ್ ಹಾಲ್ ಇದೆ. ಕರ್ಜನ್ ಮನೆತನದ ಬಂಗಲೆ ಇದು. ಹೌದು, ಶಾಲೆಯ ಪಠ್ಯದಲ್ಲಿ ಬಂಗಾಳ ವಿಭಜನೆ ಅಂದಾಗ ಬರುತ್ತಾನಲ್ಲ, ಅದೇ ಕರ್ಜನ್. ಆದರೆ ಈ ಮನೆಗೂ ಭಾರತಕ್ಕೂ ಇರುವ ನಂಟು ಅವನಿಂದ ಶುರುವಾಗಿದ್ದಲ್ಲ, ಅವನು ಹುಟ್ಟುವುದಕ್ಕೆ ಅರವತ್ತು ವರ್ಷ ಮೊದಲೇ ಅದು ಬೆಸೆದಿತ್ತು.

ಊರನ್ನೇ ಎಬ್ಬಿಸಿದ ಮನೆ

ಕರ್ಜನ್‌ಗಳು 12ನೇ ಶತಮಾನದಿಂದಲೂ ಇಲ್ಲಿನ ಭೂಮಾಲೀಕರು. 1758ರಲ್ಲಿ ಆಸ್ತಿ ಕೈಗೆ ಬಂದ ಕೂಡಲೇ ನಥಾನಿಯೆಲ್ ಕರ್ಜನ್ ಹಳೆಯ ಮನೆ ಕೆಡವಿಸಿ, 1759ರಲ್ಲಿ ಹೊಸದಕ್ಕೆ ಕೈ ಹಾಕಿದ. ಮನೆಯಿಂದ ನೋಡಿದರೆ ಹಸಿರು ಬಯಲು, ಕೆರೆ, ಸೇತುವೆ ಮಾತ್ರ ಕಾಣಬೇಕಿತ್ತು. ನೋಟಕ್ಕೆ ಅಡ್ಡ ಬಂದ ಹಳ್ಳಿಯನ್ನು ಎತ್ತಿ ಬೇರೆಡೆ ಹಾಕಿದರು, ರಸ್ತೆಯನ್ನೂ ತಿರುಗಿಸಿದರು. ಹಳ್ಳಿಯ ಪೈಕಿ ಜಾಗದಲ್ಲೇ ಉಳಿದದ್ದು ಹಳೆಯ ಚರ್ಚ್ ಒಂದೇ. ಇವತ್ತು ಪ್ರವಾಸಿಗರು 'ಸಹಜ ಪ್ರಕೃತಿ' ಅಂತ ಫೋಟೊ ತೆಗೆಯುವ ಆ ಬಯಲು ಹೀಗೆ ಊರು ಖಾಲಿ ಮಾಡಿಸಿ ಮಾಡಿದ್ದು.

ಒಂದು ವಿಷಯ ಸ್ಪಷ್ಟವಾಗಿರಲಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಬಾಚಿ, ಊರಿಗೆ ಮರಳಿ ಬಂಗಲೆ ಕಟ್ಟಿದ 'ನವಾಬ'ರ ಸಾಲಿಗೆ ನಥಾನಿಯೆಲ್ ಸೇರುವುದಿಲ್ಲ. ಇವನದ್ದು ಜಮೀನ್ದಾರಿಕೆ. ಬ್ರಿಟನ್ನಿನ ಪ್ರತಿ ಬಂಗಲೆಯನ್ನೂ 'ನಮ್ಮ ದುಡ್ಡಲ್ಲಿ ಕಟ್ಟಿದ್ದು' ಅಂದುಬಿಡುವುದು ಸುಲಭ, ಆದರೆ ಇಲ್ಲಿ ಕಥೆ ಅಷ್ಟು ಸರಳವಾಗಿಲ್ಲ.

ಮೂವರು ವಾಸ್ತುಶಿಲ್ಪಿಗಳು, ಎರಡು ರೆಕ್ಕೆಗಳು

ನಕ್ಷೆ ಹಾಕಿದವನು ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್. 16ನೇ ಶತಮಾನದ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೊ ಬರೆದಿಟ್ಟು ಕಟ್ಟದೇ ಬಿಟ್ಟ ವಿಲ್ಲಾವೊಂದರ ವಿನ್ಯಾಸವೇ ಅವನಿಗೆ ಮಾದರಿ. ನಡುವೆ ದೊಡ್ಡ ಕಟ್ಟಡ, ನಾಲ್ಕು ಮೂಲೆಗೆ ನಾಲ್ಕು ಚಿಕ್ಕ ಕಟ್ಟಡ, ಬಿಲ್ಲಿನಂತೆ ಬಾಗಿದ ಓಣಿಗಳಿಂದ ಅವನ್ನು ನಡುಮನೆಗೆ ಜೋಡಿಸುವುದು. ನಂತರ ಜೇಮ್ಸ್ ಪೇನ್ ಬಂದ. ಅವನನ್ನೂ ಸರಿಸಿ ಕೆಲಸ ಹಿಡಿದವನು, ಇಟಲಿಯಿಂದ ಆಗಷ್ಟೇ ಮರಳಿದ್ದ, ಮೂವತ್ತರ ಆಸುಪಾಸಿನ ರಾಬರ್ಟ್ ಆ್ಯಡಮ್. ಮೊದಲು ಅವನನ್ನು ಕರೆದದ್ದು ತೋಟದ ಕಟ್ಟಡಗಳಿಗೆ ಅಷ್ಟೆ! ಕೊನೆಗೆ ದಕ್ಷಿಣದ ಮುಖವನ್ನು ರೋಮಿನ ಕಾನ್‌ಸ್ಟಂಟೈನ್ ವಿಜಯ ಕಮಾನಿನ ಮಾದರಿಯಲ್ಲಿ ಅವನೇ ರೂಪಿಸಿದ.

ಒಳಗೆ ಹೋದರೆ ಮೊದಲು ಸಿಗುವುದು ಮಾರ್ಬಲ್ ಹಾಲ್. 25 ಅಡಿ ಎತ್ತರದ 20 ಅಲಬಾಸ್ಟರ್ ಕಂಬಗಳು, ಮೇಲಿನಿಂದ ಮಾತ್ರ ಇಳಿಯುವ ಬೆಳಕು. ಅದರ ಹಿಂದೆ ರೋಮಿನ ಪ್ಯಾಂಥಿಯನ್ ನೆನಪಿಸುವ, 62 ಅಡಿ ಎತ್ತರದ ಗುಮ್ಮಟವಿರುವ ದುಂಡು ಸಭಾಂಗಣ. ಇವೆಲ್ಲ ಬದುಕೋಕೆ ಅಲ್ಲ, ತೋರಿಸೋಕೆ. ಮನೆಯವರು ವಾಸವಿದ್ದದ್ದು ಪಕ್ಕದ ಒಂದು ರೆಕ್ಕೆಯಲ್ಲಿ, ಅಡುಗೆಮನೆ ಇದ್ದದ್ದು ಇನ್ನೊಂದರಲ್ಲಿ. ಇದು ಪುರಸಭೆ ಕಟ್ಟಡಕ್ಕೆ ಲಾಯಕ್ಕು ಎಂಬರ್ಥದಲ್ಲಿ ಸಾಮ್ಯುಯೆಲ್ ಜಾನ್ಸನ್ ಚುಚ್ಚಿದ್ದು ಸುಮ್ಮನೆ ಅಲ್ಲ.

ಅಂದುಕೊಂಡ ನಾಲ್ಕು ರೆಕ್ಕೆಗಳಲ್ಲಿ ಎದ್ದು ನಿಂತದ್ದು ಉತ್ತರದ ಎರಡೇ. ದಕ್ಷಿಣದ ಎರಡು ಕಾಗದದಲ್ಲೇ ಉಳಿದವು.

ನಕ್ಷೆ ಹಡಗು ಹತ್ತಿತು

ಇಂಜಿನಿಯರಿಂಗ್ ಓದಿದ್ದರಿಂದಲೋ ಏನೋ, ಕಟ್ಟಡ ಅಂದ ಕೂಡಲೇ ನಾನು ಅದರ ಪ್ಲಾನ್ ಹುಡುಕುತ್ತೇನೆ. ಕೆಡಲ್‌ಸ್ಟನ್ನಿನ ಪ್ಲಾನ್ ಪಕ್ಕದಲ್ಲಿ ಕೋಲ್ಕತ್ತದ ರಾಜ್ಯಪಾಲರ ನಿವಾಸದ ಪ್ಲಾನ್ ಇಟ್ಟು ನೋಡಿ. ಅದೇ ನಡುಮನೆ, ಅದೇ ಬಾಗಿದ ಓಣಿ. ರೆಕ್ಕೆಗಳು ಮಾತ್ರ ನಾಲ್ಕೂ ಇವೆ!

ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕಟ್ಟಡ ಶುರು ಮಾಡಿಸಿದ್ದು 1799ರಲ್ಲಿ. ಕೆಡಲ್‌ಸ್ಟನ್ ಮಾದರಿಯನ್ನು ಬಂಗಾಳದ ಸೆಕೆಗೆ ಒಗ್ಗಿಸಿದವನು ಚಾರ್ಲ್ಸ್ ವಯಟ್. ರೆಕ್ಕೆಗಳು ದೂರ ದೂರ ಇದ್ದರೆ ಎಲ್ಲ ದಿಕ್ಕಿನಿಂದಲೂ ಗಾಳಿ ಆಡುತ್ತೆ. ಇಂಗ್ಲೆಂಡಿನಲ್ಲಿ ಮೆರುಗಿಗೆಂದು ಬರೆದ ವಿನ್ಯಾಸ ಇಲ್ಲಿ ಉಪಯೋಗಕ್ಕೆ ಬಂತು.

1799 ಅಂದರೆ ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ಯುದ್ಧ ನಡೆಸಿದವನೂ ಇದೇ ವೆಲ್ಲೆಸ್ಲಿ. ಮೈಸೂರಿನ ಕೋಟೆ ಉರುಳಿದ ವರ್ಷವೇ ಕೋಲ್ಕತ್ತದಲ್ಲಿ ಈ ಅರಮನೆ ಏಳತೊಡಗಿತು. ವ್ಯಾಪಾರದ ಕಂಪನಿ ತಾನಿನ್ನು ಅರಸೊತ್ತಿಗೆ ಅಂತ ಕಲ್ಲಲ್ಲಿ ಸಾರಿದ ಹಾಗೆ ಅದು. ಸುಮಾರು 63,000 ಪೌಂಡ್ ಖರ್ಚು ಕಂಡು ಲಂಡನ್ನಿನ ಕಂಪನಿ ನಿರ್ದೇಶಕರೇ ಸಿಡುಕಿದರು.

ಒಂದೇ ಮನೆಯಿಂದ ಅದೇ ಮನೆಗೆ

1859ರಲ್ಲಿ ಕೆಡಲ್‌ಸ್ಟನ್‌ನಲ್ಲಿ ಹುಟ್ಟಿದ ಜಾರ್ಜ್ ಕರ್ಜನ್, 1899ರಲ್ಲಿ ವೈಸರಾಯ್ ಆಗಿ ಬಂದಿಳಿದದ್ದು ತನ್ನ ಮನೆಯ ಪ್ರತಿರೂಪಕ್ಕೇ. 1902ರ ಆಗಸ್ಟ್‌ನಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಡಳಿತಾಧಿಕಾರ ವಹಿಸಿಕೊಟ್ಟವನು ಇವನೇ. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾಯ್ದೆ ತಂದ, ಮರುವರ್ಷ ಬಂಗಾಳವನ್ನು ಒಡೆದ. ಕಲ್ಲನ್ನು ಕಾಪಾಡಿದ ಕೈಯೇ ಜನರನ್ನು ಸೀಳಿತು. ಸ್ವದೇಶಿ ಚಳವಳಿಗೆ ಕಿಚ್ಚು ಹತ್ತಿದ್ದು ಆಗ. 1911ರಲ್ಲಿ ಆ ವಿಭಜನೆ ರದ್ದಾಯಿತು.

ಏಷ್ಯಾದಲ್ಲಿ ಅವನು ಕೂಡಿಹಾಕಿದ ವಸ್ತುಗಳು ಈಗ ಕೆಡಲ್‌ಸ್ಟನ್ನಿನ ನೆಲಮಹಡಿಯ 'ಈಸ್ಟರ್ನ್ ಮ್ಯೂಸಿಯಂ'ನಲ್ಲಿವೆ. 1903ರ ದೆಹಲಿ ದರ್ಬಾರಿನ ವೇಳೆ ಅವನ ಹೆಂಡತಿ ಮೇರಿ ತೊಟ್ಟ ನವಿಲು ಗೌನ್ ಕೂಡ ಈ ಮನೆಯದ್ದೇ. ಲೋಹದ ಎಳೆ, ಜೀರುಂಡೆ ರೆಕ್ಕೆಗಳ ಆ ಕಸೂತಿ ಭಾರತದ ಕುಶಲಕರ್ಮಿಗಳದ್ದು. ಹೊಲಿಗೆ ಪ್ಯಾರಿಸ್ಸಿನ ವರ್ತ್ ಸಂಸ್ಥೆಯದ್ದು. ವರ್ತ್ ಹೆಸರು ಇತಿಹಾಸದಲ್ಲಿ ಉಳಿಯಿತು, ಸೂಜಿ ಹಿಡಿದವರ ಹೆಸರುಗಳು ಉಳಿಯಲಿಲ್ಲ.

ಈಗ ಯಾಕೆ ಈ ಮಾತು?

1987ರಲ್ಲಿ ಮನೆ ನ್ಯಾಷನಲ್ ಟ್ರಸ್ಟ್ ಕೈಗೆ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಟ್ರಸ್ಟ್ ಒಂದು ವರದಿ ಹೊರತಂದು, ತನ್ನ 93 ತಾಣಗಳಿಗೆ ವಸಾಹತುಶಾಹಿ ಅಥವಾ ಗುಲಾಮಗಿರಿಯ ನಂಟಿದೆ ಎಂದಿತು. ಬಲಪಂಥೀಯ ರಾಜಕಾರಣಿಗಳು, ಪತ್ರಿಕೆಗಳು 'ಇತಿಹಾಸಕ್ಕೆ ಮಸಿ ಬಳಿಯುತ್ತಿದ್ದಾರೆ' ಅಂತ ಮುಗಿಬಿದ್ದವು. ದೂರು ಚಾರಿಟಿ ಕಮಿಷನ್‌ವರೆಗೂ ಹೋಯಿತು. ಟ್ರಸ್ಟ್ ಕಾನೂನು ಮೀರಿಲ್ಲ ಅಂತ 2021ರಲ್ಲಿ ಆಯೋಗ ಹೇಳಿತು.

ಈ ಗಲಾಟೆ ನಮಗೂ ಗೊತ್ತಿರುವಂಥದ್ದೇ. ಕಟ್ಟಡದ ಪೂರ್ತಿ ಕಥೆ ಹೇಳಿದರೆ ಅವಮಾನ, ಅರ್ಧ ಹೇಳಿದರೆ ಹೆಮ್ಮೆ ಎನ್ನುವ ಲೆಕ್ಕಾಚಾರ. ಆದರೆ ಪೂರ್ತಿ ಕಥೆ ಹೇಳಿದ ಮಾತ್ರಕ್ಕೆ ಆ್ಯಡಮ್‌ನ ಕಂಬಗಳು ಒಂದಿಂಚೂ ಕುಗ್ಗುವುದಿಲ್ಲ. ಕಂಬಗಳ ಎತ್ತರ ಹೇಳುವ ಫಲಕದಲ್ಲೇ ಹಳ್ಳಿ ಬಿಟ್ಟು ಹೋದವರಿಗೆ, ಕಸೂತಿ ಹಾಕಿದವರಿಗೆ ಎರಡು ಸಾಲು ಕೊಡಿ ಅನ್ನೋದಷ್ಟೇ ವಾದ. ಕೋಲ್ಕತ್ತದ ಅರಮನೆಯ ಬಗ್ಗೆ ಬರೆಯುವಾಗ ಶ್ರೀರಂಗಪಟ್ಟಣದ ಹೆಸರು ಬರೆಯುವ ಜವಾಬ್ದಾರಿಯಂತೂ ನಮ್ಮದೇ, ಅದನ್ನು ಬ್ರಿಟಿಷರು ಬಂದು ಬರೆಯಲ್ಲ.