ಮಂಗಳೂರು–ಮದ್ರಾಸ್ ತ್ರಿಕೋನಮಾಪನ

ಮಂಗಳೂರು–ಮದ್ರಾಸ್ ತ್ರಿಕೋನಮಾಪನವು 19ನೆಯ ಶತಮಾನದ ಆರಂಭದಲ್ಲಿ ವಿಲಿಯಂ ಲ್ಯಾಂಬ್ಟನ್‌ನ ನೇತೃತ್ವದಲ್ಲಿ ದಕ್ಷಿಣ ಭಾರತದ ಪೂರ್ವ ಮತ್ತು ಪಶ್ಚಿಮ ಕರಾವಳಿಗಳನ್ನು ಜೋಡಿಸಿದ ಭೂಮಾಪನ ಕಾರ್ಯವಾಗಿದೆ. ಭಾರತದ ನಕ್ಷಾರಚನೆಯ ಇತಿಹಾಸದಲ್ಲಿ ಮಂಗಳೂರಿಗೆ ದೊರೆತಿರುವ ಸ್ಥಾನಕ್ಕೆ ಮುಖ್ಯ ಕಾರಣ ಇದೇ.

ಹಿನ್ನೆಲೆ

ಮಂಗಳೂರು ಹೊರಗಿನವರಿಗೆ ಹಿಂದಿನಿಂದಲೂ ತಿಳಿದಿದ್ದ ಬಂದರು. 6ನೆಯ ಶತಮಾನದ ಗ್ರೀಕ್ ಬರೆಹಗಾರ ಕಾಸ್ಮಸ್, ಕರಿಮೆಣಸು ಸಾಗಿಸುವ ರೇವುಗಳಲ್ಲಿ ಒಂದಾಗಿ 'ಮಂಗರೂತ್' ಎಂಬ ಹೆಸರನ್ನು ಉಲ್ಲೇಖಿಸಿದ್ದಾನೆ. ಅದನ್ನು ಮಂಗಳೂರೆಂದು ಗುರುತಿಸಲಾಗಿದೆ. ಆದರೆ ಊರಿನ ಹೆಸರು ತಿಳಿದಿರುವುದು ಬೇರೆ, ಅದರ ನೆಲೆಯನ್ನು ನಿಖರವಾಗಿ ಗುರುತಿಸುವುದು ಬೇರೆ. ಅಕ್ಷಾಂಶವನ್ನು ಸೂರ್ಯ ಅಥವಾ ನಕ್ಷತ್ರದ ಎತ್ತರದಿಂದ ತಿಳಿಯಬಹುದು. ರೇಖಾಂಶಕ್ಕೆ ಎರಡು ಸ್ಥಳಗಳ ಕಾಲವ್ಯತ್ಯಾಸ ನಿಖರವಾಗಿ ಗೊತ್ತಿರಬೇಕು. ಆದ್ದರಿಂದ ಹಳೆಯ ನಕ್ಷೆಗಳಲ್ಲಿ ಪೂರ್ವ–ಪಶ್ಚಿಮದ ಅಂತರವೇ ಹೆಚ್ಚಾಗಿ ತಪ್ಪುತ್ತಿತ್ತು. ಅಳತೆಗಾಲಿಯನ್ನು ಉರುಳಿಸಿ ದಾರಿಯ ಉದ್ದವನ್ನು ಅಳೆಯುವ ಕ್ರಮವೂ ಘಟ್ಟದ ತಿರುವುಗಳಲ್ಲಿ ನೇರ ಅಂತರವನ್ನು ಕೊಡುತ್ತಿರಲಿಲ್ಲ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಹೊಸದಾಗಿ ಕೈಸೇರಿದ ನಾಡಿನ ಸರ್ವೇಕ್ಷಣೆಗೆ ಲ್ಯಾಂಬ್ಟನ್ ಯೋಜನೆ ಸಲ್ಲಿಸಿದನು. ಇದಕ್ಕೆ ವಿರೋಧವೂ ಇತ್ತು: ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ನಕ್ಷೆ ಏಕೆ ಎಂದು ಮದ್ರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬನು ಆಕ್ಷೇಪಿಸಿದ್ದನ್ನು ಸರ್ವೇಕ್ಷಣೆಯ ಇತಿಹಾಸಗಳು ದಾಖಲಿಸಿವೆ.

ಮಾಪನ

1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯ ಅಳತೆ ಆರಂಭವಾಯಿತು. 100 ಅಡಿಯ ಉಕ್ಕಿನ ಸರಪಳಿಯಿಂದ ಸುಮಾರು 7.5 ಮೈಲಿ ಅಳೆಯಲು 57 ದಿನಗಳು ಬೇಕಾದವು. ತ್ರಿಕೋನದ ಒಂದು ಭುಜ ಮತ್ತು ಕೋನಗಳು ತಿಳಿದರೆ ಉಳಿದ ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಆ ಭುಜಗಳ ಮೇಲೆ ಮುಂದಿನ ತ್ರಿಕೋನಗಳು ನಿಲ್ಲುತ್ತವೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿಯುತ್ತಾ, ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರವನ್ನು ಹೊತ್ತು ತಂಡವು ಪಶ್ಚಿಮಕ್ಕೆ ಸಾಗಿತು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದು ನೋಡಿದಾಗ, ಮದ್ರಾಸಿನಿಂದ ಲೆಕ್ಕ ಹಾಕಿದ ಉದ್ದಕ್ಕೂ ಅದಕ್ಕೂ ಕೆಲವೇ ಇಂಚುಗಳ ವ್ಯತ್ಯಾಸವಿತ್ತು. ತಂಡದಲ್ಲಿದ್ದ ಹೆನ್ರಿ ಕೇಟರ್ ಮುಂದೆ 'ಕೇಟರ್ ಲೋಲಕ'ದಿಂದ ಪ್ರಸಿದ್ಧನಾದನು. ಯಂತ್ರ ಹೊತ್ತವರ, ಬೆಟ್ಟದ ಮೇಲೆ ಬಾವುಟ ಹಿಡಿದು ನಿಂತವರ ಹೆಸರುಗಳಿಗೆ ಇಂಥ ಪ್ರಸಿದ್ಧಿ ದೊರೆಯಲಿಲ್ಲ.

ಫಲಿತಾಂಶ

ಮದ್ರಾಸಿನಿಂದ ಮಂಗಳೂರಿಗೆ ಇರುವ ಅಂತರ ಸುಮಾರು 360 ಮೈಲಿ (580 ಕಿ.ಮೀ.) ಎಂದು ತಿಳಿದುಬಂತು. ಹಿಂದಿನ ನಕ್ಷೆಗಳು ಇದನ್ನು ಸುಮಾರು 400 ಮೈಲಿ ಎಂದು ತೋರಿಸಿದ್ದವು. ಅಂದರೆ 40 ಮೈಲಿಯಷ್ಟು ನೆಲ ಕಾಗದದ ಮೇಲೆ ಮಾತ್ರ ಇತ್ತು. ಈ ಕಾರ್ಯದ ವಿವರವನ್ನು ಲ್ಯಾಂಬ್ಟನ್ 'ಏಷ್ಯಾಟಿಕ್ ರಿಸರ್ಚಸ್'ನ 10ನೆಯ ಸಂಪುಟದಲ್ಲಿ ಪ್ರಕಟಿಸಿದನು. 1818ರಲ್ಲಿ ಅವನ ಸರ್ವೇಕ್ಷಣೆಗೆ 'ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ' ಎಂಬ ಹೆಸರು ಬಂದಿತು. ಹಿಮಾಲಯದ ಶಿಖರಗಳ ಎತ್ತರವನ್ನು ನಿರ್ಧರಿಸಿದ್ದು ಇದೇ ಸರ್ವೇಕ್ಷಣೆ.