ಕಟ್ಟಡ ತ್ಯಾಜ್ಯ ಸಾಗಣೆ: ಪರವಾನಗಿ, ಪರ್ಮಿಟ್, ವಿಮೆ ಕುರಿತ ಟಿಪ್ಪಣಿ

1. ವ್ಯಾಪ್ತಿ

ಒಡೆದ ಮನೆಯ ಡೆಬ್ರಿಸ್ ಸಾಗಿಸುವ ಟಿಪ್ಪರ್ ಮಾಲೀಕರಿಗೆ ಯಾವ ಯಾವ ದಾಖಲೆ ಬೇಕು ಎಂಬುದಕ್ಕೆ ಕೇಂದ್ರದ ಕಾನೂನಿನಲ್ಲಿ ಒಂದೇ ಕಡೆ ಉತ್ತರವಿಲ್ಲ. ಇಲ್ಲಿ ನೋಡಿರುವುದು ಕಟ್ಟಡ ತ್ಯಾಜ್ಯ ನಿಯಮಗಳು ಮತ್ತು 1988ರ ಮೋಟಾರು ವಾಹನ ಕಾಯ್ದೆ ಮಾತ್ರ. ಪಾಲಿಕೆಗಳ ಬೈಲಾಗಳನ್ನು ಬಿಟ್ಟಿದೆ.

2. 2016ರ ನಿಯಮಗಳಲ್ಲಿ ಸಾಗಣೆದಾರ

2016ರ ಮಾರ್ಚ್ 29ರ ನಿಯಮಗಳಲ್ಲಿ ‘ಸೇವಾದಾರ’ ಎಂದರೆ ನೀರು, ಒಳಚರಂಡಿ, ವಿದ್ಯುತ್, ದೂರವಾಣಿ, ರಸ್ತೆ ಮುಂತಾದ ಸೇವೆ ಒದಗಿಸುವ ಪ್ರಾಧಿಕಾರಗಳು. ಬಾಡಿಗೆ ಟಿಪ್ಪರಿನವರು ಇದರಲ್ಲಿ ಸೇರುವಂತೆ ಕಾಣದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರವೂ ಸಂಸ್ಕರಣೆ ಮತ್ತು ವಿಲೇವಾರಿಯ ಹೊಣೆ ಹೊತ್ತವರಿಗೆ ಸಂಬಂಧಿಸಿದ್ದು. ಬರೀ ಸಾಗಣೆಗೆ ಅದು ಕಡ್ಡಾಯವೆಂದು ಈ ಪಠ್ಯದ ಬಲದಿಂದ ಹೇಳುವುದು ಕಷ್ಟ. ಆದರೂ ಸ್ವಂತ ವಾಹನ ವ್ಯವಸ್ಥೆಯಿಲ್ಲದ ಸೇವಾದಾರರು ‘ಅಧಿಕೃತ ಏಜೆನ್ಸಿ’ಗಳ ಮೂಲಕ ತ್ಯಾಜ್ಯ ಎತ್ತಿಸಬೇಕೆಂದು 5ನೇ ನಿಯಮ ಹೇಳುತ್ತದೆ. ಅಧಿಕೃತಗೊಳಿಸುವುದು ಸ್ಥಳೀಯ ಸಂಸ್ಥೆಯೇ ಇರಬೇಕು. ಇದು ಸಂದರ್ಭದಿಂದ ಹೊರಡುವ ಊಹೆ.

4ನೇ ನಿಯಮದಲ್ಲಿ ಇನ್ನೊಂದು ತೊಡಕಿದೆ. ತ್ಯಾಜ್ಯ ವಿಂಗಡಿಸಿ, ನಿರ್ವಹಣಾ ಯೋಜನೆಗೆ ಮೊದಲೇ ಒಪ್ಪಿಗೆ ಪಡೆಯಬೇಕಾದವರು ದಿನಕ್ಕೆ ‘20 ಟನ್ನಿಗಿಂತ ಹೆಚ್ಚು ಅಥವಾ ಅದಕ್ಕೂ ಹೆಚ್ಚು’, ಇಲ್ಲವೇ ಯೋಜನೆಯೊಂದರಿಂದ ತಿಂಗಳಿಗೆ 300 ಟನ್ ತ್ಯಾಜ್ಯ ಉಂಟುಮಾಡುವವರು. ಸರಿಯಾಗಿ 20 ಟನ್ ಆದರೆ? ಕರಡು ತಿದ್ದಿದವರ ಕಣ್ತಪ್ಪು ಇರಬಹುದು.

3. ವಾಹನ

ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಕಲಂ 66(3) ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿದೆ. ವಿನಾಯಿತಿ ಪರ್ಮಿಟ್‌ಗಷ್ಟೇ, ಎಫ್‌ಸಿ (ಕಲಂ 56), ಥರ್ಡ್ ಪಾರ್ಟಿ ವಿಮೆ (ಕಲಂ 146) ತಪ್ಪುವುದಿಲ್ಲ. ಚಾಲನಾ ಪರವಾನಗಿಯ ಅಳತೆ ಬೇರೆ: ಲಘು ವಾಹನದ ಡಿಎಲ್ ಉಳ್ಳವರು 7,500 ಕೆ.ಜಿ.ಯೊಳಗಿನ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿತು.

ಬಾಡಿಗೆ ಮಾತಾಗುವುದು ಸಾಮಾನ್ಯವಾಗಿ ಲೋಡಿನ ಲೆಕ್ಕದಲ್ಲಿ, ದಂಡ ಬೀಳುವುದು ತೂಕದ ಮೇಲೆ. ಮಳೆಯಲ್ಲಿ ನೆನೆದ ಮಣ್ಣು, ಗಾರೆ ಅದೇ ಬಾಡಿಯಲ್ಲಿ ಹೆಚ್ಚು ತೂಗುತ್ತದೆ. 2019ರ ತಿದ್ದುಪಡಿಯ ನಂತರ ಕಲಂ 194ರಡಿ ಓವರ್‌ಲೋಡಿಗೆ ₹20,000, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ₹2,000.

4. ವಿಮೆ

ಕಲಂ 146 ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸುವುದಕ್ಕೆ ಸಂಬಂಧಿಸಿದ್ದು. ಸೈಟಿನೊಳಗೆ ಗೋಡೆ ಕುಸಿದು ಆಳಿಗೆ ಪೆಟ್ಟಾದರೆ ಅದೇ ಪಾಲಿಸಿ ಸಾಕೆಂದು ಭಾವಿಸುವುದು ಸುರಕ್ಷಿತವಲ್ಲ. ಪರ್ಮಿಟ್ ಬೇಕಾದ ವಾಹನ ಅದಿಲ್ಲದೆ ಅಪಘಾತಕ್ಕೀಡಾದರೆ, ವಿಮಾ ಕಂಪನಿ ಸಂತ್ರಸ್ತರಿಗೆ ಪರಿಹಾರ ಕೊಟ್ಟು ಮಾಲೀಕರಿಂದ ವಸೂಲಿ ಮಾಡಬಹುದೆಂಬುದು 2018ರ ಸುಪ್ರೀಂ ಕೋರ್ಟ್ ತೀರ್ಪೊಂದರ ನಿಲುವು.

5. 2025ರ ನಿಯಮಗಳು

2016ರ ನಿಯಮಗಳ ಬದಲಿಗೆ 2025ರ ಏಪ್ರಿಲ್‌ನಲ್ಲಿ ಹೊರಟ ಹೊಸ ನಿಯಮಗಳ ಜಾರಿಯ ದಿನಾಂಕ 2026ರ ಏಪ್ರಿಲ್ 1. ಇವುಗಳಲ್ಲಿ ಉತ್ಪಾದಕರ ವಿಸ್ತೃತ ಹೊಣೆ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಯೋಜನೆಗಳಿಗೆ. ಹೋಲಿಕೆಗೆ, ಬೆಂಗಳೂರಿನ 30×40 ಅಡಿ ಸೈಟಿನ ವಿಸ್ತೀರ್ಣ ಸುಮಾರು 111 ಚದರ ಮೀಟರ್.